ಮಾನಕದ ಕರಡಿಗೆ ಮತದಾನ ಮತ್ತು ಟಿಪ್ಪಣಿಗಳ ಇತ್ಯರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ವೈ-ಫೈ, ಈಥರ್ನೆಟ್ ಮುಂತಾದವುಗಳ ಮಾನಕಗಳನ್ನು (ಸ್ಟ್ಯಾಂಡರ್ಡ್‌ಗಳನ್ನು) ರೂಪಿಸುವ ಐಇಇಇ ಸಂಸ್ಥೆಯ ಪದ್ಧತಿಯನ್ನು ಮುಖ್ಯವಾಗಿ ಇಟ್ಟುಕೊಂಡು, ಅಗತ್ಯವಿದ್ದ ಕಡೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಮತ್ತು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪದ್ಧತಿಗಳನ್ನೂ ಪ್ರಸ್ತಾಪಿಸಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಬೆಂಗಳೂರಿನ ಚಿಪ್ ಮತ್ತು ತಂತ್ರಾಂಶ ಕಚೇರಿಗಳಲ್ಲಿ ಈ ಮಾನಕಗಳನ್ನು ದಿನವೂ ಓದಿ ಅವುಗಳಂತೆ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ. ಆ ಓದಿನಲ್ಲಿ ಕಂಡ ದೋಷವನ್ನು ಟಿಪ್ಪಣಿಯಾಗಿ ಬರೆದು ಕಳಿಸುವವರ ಸಂಖ್ಯೆಯೂ ಅಷ್ಟೇ ದೊಡ್ಡದಾಗಬೇಕು ಎಂಬ ಆಸೆಯಿಂದ ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ.

ಪರಿಣತರೇ ಬರೆದ ಕರಡನ್ನು ಮತ್ತೆ ಮತಕ್ಕೆ ಹಾಕುವುದೇಕೆ?

ಕರಡನ್ನು ಬರೆಯುವವರು ಎಷ್ಟೇ ಪರಿಣತರಾಗಿದ್ದರೂ ತಿಂಗಳುಗಟ್ಟಲೆ ಅದೇ ಪಠ್ಯದೊಂದಿಗೆ ಇದ್ದು, ತಮ್ಮ ಮನಸ್ಸಿನಲ್ಲಿದ್ದು ಕಾಗದಕ್ಕೆ ಇಳಿಯದ ಮಾತನ್ನೂ ಅಲ್ಲಿ ಇದೆಯೆಂದೇ ಓದಿಕೊಳ್ಳುತ್ತಾರೆ. ಆ ಮಾನಕವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡು ಅದರಂತೆ ಸಾಧನ ತಯಾರಿಸಬೇಕಾದವರಿಗೆ ಅಂಥ ಅನುಕೂಲವಿಲ್ಲ. ಪುಟದ ಮೇಲೆ ಏನಿದೆಯೋ ಅಷ್ಟೇ ಅವರ ಪಾಲಿಗೆ ಮಾನಕ. ಬೇರೆ ಬೇರೆ ದೇಶಗಳ ಇಬ್ಬರು ಎಂಜಿನಿಯರ್‌ಗಳು ಒಂದೇ ವಾಕ್ಯವನ್ನು ಎರಡು ರೀತಿಯಲ್ಲಿ ಅರ್ಥಮಾಡಿಕೊಂಡರೆ, ಅವರು ತಯಾರಿಸಿದ ಎರಡು ಸಾಧನಗಳು ಒಂದರೊಡನೊಂದು ಹೊಂದಿಕೊಳ್ಳುವುದಿಲ್ಲ. ಇಂಥ ಜಾಗಗಳನ್ನು ಮಾನಕ ಪ್ರಕಟವಾಗುವ ಮೊದಲೇ ಹುಡುಕಿ ತೆಗೆಯುವುದು ಮತದಾನದ ಮೊದಲ ಉದ್ದೇಶ.

ಎರಡನೆಯದು ನ್ಯಾಯದ ಪ್ರಶ್ನೆ. ಒಂದು ಮಾನಕದಿಂದ ಯಾರ ಉತ್ಪನ್ನ ಉಳಿಯುತ್ತದೆ, ಯಾರದು ಬದಲಾಗಬೇಕಾಗುತ್ತದೆ ಎಂಬುದು ನಿರ್ಧಾರವಾಗುವುದರಿಂದ, ತೊಂದರೆಗೆ ಒಳಗಾಗುವವರ ಮಾತನ್ನು ಕೇಳಿ, ಅದಕ್ಕೆ ಲಿಖಿತ ಉತ್ತರ ಕೊಟ್ಟು, ಆಮೇಲೆ ಮುಂದುವರಿಯಬೇಕು. ಮತದಾನವೆಂದ ಕೂಡಲೇ ನಮಗೆ ಎಣಿಕೆ ನೆನಪಾಗುತ್ತದೆ. ಆದರೆ ಇಲ್ಲಿ ಎಣಿಕೆಗಿಂತ ಮತದ ಜೊತೆಗೆ ಬರುವ ಟಿಪ್ಪಣಿ ಮತ್ತು ಆ ಟಿಪ್ಪಣಿಗೆ ಸಿಗುವ ಉತ್ತರ ಹೆಚ್ಚಿನ ಕೆಲಸ ಮಾಡುತ್ತವೆ.

ಐಇಇಇಯಲ್ಲಿ ಎಷ್ಟು ಹಂತದ ಮತದಾನ ಇರುತ್ತದೆ?

802 ಸಮಿತಿಯ ಮಾನಕಗಳಿಗೆ, ಅಂದರೆ 802.3 ಈಥರ್ನೆಟ್, 802.11 ವೈ-ಫೈ ಮುಂತಾದವುಗಳಿಗೆ, ಎರಡು ದೊಡ್ಡ ಹಂತಗಳಿವೆ. ಮೊದಲನೆಯದು ಕಾರ್ಯತಂಡದ ಒಳಗೆ ನಡೆಯುವ ಲೆಟರ್ ಬ್ಯಾಲಟ್. ಅದರಲ್ಲಿ ಕರಡು ಸಾಕಷ್ಟು ಗಟ್ಟಿಯಾದ ಮೇಲೆ, ಐಇಇಇಯ ಮಾನಕ ವಿಭಾಗವಾದ ಮಾನಕ ಸಂಘದ ಮಟ್ಟದಲ್ಲಿ ಹೊಸದಾಗಿ ರಚಿಸಿದ ಮತದಾರರ ಗುಂಪಿನ ಮುಂದೆ ಎರಡನೆಯ ಮತದಾನ ನಡೆಯುತ್ತದೆ. ಎರಡೂ ಹಂತಗಳಲ್ಲಿ ಮೊದಲ ಸುತ್ತಿನ ಬಳಿಕ ಮರುಸುತ್ತುಗಳು ನಡೆಯುವುದು ಸಾಮಾನ್ಯ. ಕೊನೆಗೆ ಪರಿಶೀಲನಾ ಸಮಿತಿಯೊಂದು ಕಡತವನ್ನು ನೋಡಿ ಮಾನಕ ಮಂಡಳಿಗೆ ಶಿಫಾರಸು ಮಾಡುತ್ತದೆ. ಈ ಸಮಿತಿ ತಾಂತ್ರಿಕ ತೀರ್ಮಾನಗಳನ್ನು ಮರುವಿಮರ್ಶೆ ಮಾಡುವುದಿಲ್ಲ. ನಿಯಮದಂತೆ ಎಲ್ಲ ನಡೆದಿದೆಯೇ, ಪರಿಹಾರವಾಗದೆ ಉಳಿದ ಆಕ್ಷೇಪಗಳು ಮತದಾರರೆಲ್ಲರ ಗಮನಕ್ಕೆ ಬಂದಿವೆಯೇ, ಪ್ರತಿಯೊಂದಕ್ಕೂ ಉತ್ತರ ದಾಖಲಾಗಿದೆಯೇ ಎಂಬುದನ್ನು ನೋಡುತ್ತದೆ.

ಮತ ಯಾರದು, ವ್ಯಕ್ತಿಯದೋ ಕಂಪನಿಯದೋ?

802ರಲ್ಲಿ ವ್ಯಕ್ತಿಯದು. ಸಂಬಳ ಕೊಡುವ ಕಂಪನಿ ಯಾವುದೇ ಇರಲಿ, ಮತ ಹಾಕುವವರು ತಮ್ಮ ಸ್ವಂತ ತಾಂತ್ರಿಕ ವಿವೇಚನೆಯಿಂದ ಮತ ಹಾಕಬೇಕು ಎನ್ನುವುದು ನಿಯಮ. ಕಾರ್ಯತಂಡದ ಮತದಾನದ ಹಕ್ಕು ಸಭೆಗಳಿಗೆ ಸತತವಾಗಿ ಹಾಜರಾಗುವುದರಿಂದ ಬರುತ್ತದೆ. ಸಭೆಗೆ ಬರದೆ ಉಳಿದರೂ, ಲೆಟರ್ ಬ್ಯಾಲಟ್‌ಗಳಿಗೆ ಉತ್ತರಿಸದೆ ಬಿಟ್ಟರೂ ಅದು ಹೋಗಿಬಿಡಬಹುದು. ಮಾನಕ ಸಂಘದ ಮಟ್ಟದ ಗುಂಪಿಗೆ ಸೇರಲು ಸಭೆಯ ಹಾಜರಾತಿ ಬೇಕಿಲ್ಲ. ಆಹ್ವಾನ ಬಂದಾಗ, ಸಂಘದ ಸದಸ್ಯರಾಗಿದ್ದವರು ಅಥವಾ ಆ ಒಂದು ಮತದಾನಕ್ಕೆ ಶುಲ್ಕ ಕಟ್ಟಿದವರು, ತಾವು ಉತ್ಪಾದಕರೋ, ಬಳಕೆದಾರರೋ, ಶೈಕ್ಷಣಿಕ ವಲಯದವರೋ ಎಂಬುದನ್ನು ತಿಳಿಸಿ ಸೇರಬಹುದು. ಯಾವುದೇ ಒಂದು ವರ್ಗದವರು ಮೇಲುಗೈ ಸಾಧಿಸದಂತೆ ಗುಂಪಿನ ಸಮತೋಲನವನ್ನು ನೋಡಿಕೊಳ್ಳಲಾಗುತ್ತದೆ. ಸಂಸ್ಥೆಗಳೇ ಮತ ಹಾಕುವ ಇನ್ನೊಂದು ಪದ್ಧತಿಯೂ ಐಇಇಇಯಲ್ಲಿ ಇದೆ, ಆದರೆ ಅದು ಬೇರೆ ಯೋಜನೆಗಳಿಗೆ.

ದೂರದ ಸಭೆಗಳಿಗೆ ಹೋಗಲು ಖರ್ಚು ಭರಿಸಲಾಗದ ಕಾಲೇಜು ಅಧ್ಯಾಪಕರಿಗೂ ಸಣ್ಣ ಕಂಪನಿಯವರಿಗೂ ಈ ಎರಡನೆಯ ದಾರಿ ನಿಜವಾಗಿಯೂ ತೆರೆದಿದೆ ಎಂಬುದನ್ನು ಒತ್ತಿ ಹೇಳಬೇಕು.

ಶೇ 75ರ ಲೆಕ್ಕವನ್ನು ಹೇಗೆ ಹಾಕುತ್ತಾರೆ?

ಮಾನಕ ಸಂಘದ ಮತದಾನದಲ್ಲಿ ಮೂರು ಲೆಕ್ಕಗಳಿವೆ. ಗುಂಪಿನಲ್ಲಿರುವವರ ಪೈಕಿ ಕನಿಷ್ಠ ಶೇ 75ರಷ್ಟು ಮಂದಿ ಮತ ಮರಳಿಸಬೇಕು. ಮರಳಿಸಿದವರಲ್ಲಿ ತಟಸ್ಥರ ಪ್ರಮಾಣ ಶೇ 30ಕ್ಕಿಂತ ಕಡಿಮೆ ಇರಬೇಕು. ಒಪ್ಪಿಗೆ ಮತ್ತು ವಿರೋಧದ ಮತಗಳನ್ನಷ್ಟೇ ಕೂಡಿಸಿದಾಗ ಅದರಲ್ಲಿ ಒಪ್ಪಿಗೆ ಶೇ 75 ಮುಟ್ಟಬೇಕು. ಉದಾಹರಣೆಗೆ 200 ಜನರ ಗುಂಪಿನಲ್ಲಿ 160 ಮಂದಿ ಮತ ಮರಳಿಸಿದರು, ಅವರಲ್ಲಿ 12 ಮಂದಿ ತಟಸ್ಥರು, 115 ಮಂದಿ ಒಪ್ಪಿದರು, 33 ಮಂದಿ ವಿರೋಧಿಸಿದರು ಎಂದಿಟ್ಟುಕೊಳ್ಳೋಣ. ಮತ ಮರಳಿದ್ದು ಶೇ 80, ತಟಸ್ಥರು ಶೇ 7.5, ಒಪ್ಪಿಗೆ 148ರಲ್ಲಿ 115, ಅಂದರೆ ಸುಮಾರು ಶೇ 77.7. ಮೂರೂ ಷರತ್ತುಗಳು ಪೂರೈಸಿವೆ. ಟಿಪ್ಪಣಿಯನ್ನೇ ಕೊಡದೆ ಹಾಕಿದ ವಿರೋಧದ ಮತವು ಮರಳಿಕೆಯ ಲೆಕ್ಕಕ್ಕೆ ಬರುತ್ತದೆಯೇ ಹೊರತು ಒಪ್ಪಿಗೆಯ ಪ್ರಮಾಣದ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಶೇ 77.7 ಬಂತೆಂದು ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಆ 33 ಮಂದಿ ಬರೆದ ಪ್ರತಿಯೊಂದು ಆಕ್ಷೇಪವನ್ನೂ ಇತ್ಯರ್ಥಕ್ಕೆ ತೆಗೆದುಕೊಳ್ಳದೆ ಕರಡು ಮುಂದೆ ಹೋಗುವಂತಿಲ್ಲ.

ವಿರೋಧದ ಮತ ಹಾಕಿದರೆ ತಂಡದ ಕೆಲಸಕ್ಕೆ ಅಡ್ಡಗಾಲು ಹಾಕಿದಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಈ ಹಿಂಜರಿಕೆ ನಮ್ಮವರಲ್ಲಿ, ಅದರಲ್ಲೂ ಹೊಸದಾಗಿ ಸೇರಿದ ಕಿರಿಯರಲ್ಲಿ ಬಹಳವಾಗಿ ಕಾಣುತ್ತದೆ: ಹಿರಿಯರು ವರ್ಷಗಟ್ಟಲೆ ದುಡಿದು ಬರೆದದ್ದನ್ನು ಬೇಡವೆನ್ನುವುದು ಹೇಗೆ ಎಂಬ ಸಂಕೋಚ. ಆದರೆ ಈ ಪದ್ಧತಿಯಲ್ಲಿ ವಿರೋಧದ ಮತವೆಂದರೆ ಕರಡನ್ನು ಬಿಸಾಡಿ ಎಂಬ ಮಾತಲ್ಲ. 'ಈ ಇಂತಿಂಥ ತಿದ್ದುಪಡಿಯಾದರೆ ನಾನು ಒಪ್ಪುತ್ತೇನೆ' ಎಂಬ ಷರತ್ತಿನ ಮಾತು. ಆ ಷರತ್ತನ್ನು ಹೇಳಲೆಂದೇ ಟಿಪ್ಪಣಿಯ ಜೊತೆಗೆ 'ಇದನ್ನು ಪರಿಹರಿಸಲೇಬೇಕು' ಎಂದು ಗುರುತು ಹಾಕುವ ಅವಕಾಶವಿದೆ. ಗುರುತು ಹಾಕಿದ ಟಿಪ್ಪಣಿಗಳೇ ನಿಮ್ಮ ವಿರೋಧಕ್ಕೆ ಆಧಾರ. ಉಳಿದ ಸಣ್ಣಪುಟ್ಟ ಟಿಪ್ಪಣಿಗಳನ್ನು ಗುರುತಿಲ್ಲದೆ ಕೊಡಬಹುದು. ಕಾಗುಣಿತದ ತಪ್ಪಿಗೂ ಗುರುತು ಹಾಕುವ ಅಭ್ಯಾಸ ಒಳ್ಳೆಯದಲ್ಲ, ಏಕೆಂದರೆ ಅದರಿಂದ ನಿಜವಾದ ತಾಂತ್ರಿಕ ಆಕ್ಷೇಪದ ತೂಕ ಕಡಿಮೆಯಾಗುತ್ತದೆ.

ಓದದೆ ಹಾಕಿದ ಒಪ್ಪಿಗೆಯಿಂದ ಮಾನಕಕ್ಕೆ ಯಾವ ಉಪಕಾರವೂ ಇಲ್ಲ. ಓದಿ, ದೋಷ ತೋರಿಸಿ, ಪರಿಹಾರ ಬರೆದುಕೊಟ್ಟ ವಿರೋಧದಿಂದ ಮಾನಕ ಗಟ್ಟಿಯಾಗುತ್ತದೆ.

ಒಳ್ಳೆಯ ಟಿಪ್ಪಣಿ ಹೇಗಿರಬೇಕು?

ಅದರಲ್ಲಿ ನಾಲ್ಕು ಸಂಗತಿಗಳಿರಬೇಕು: ಎಲ್ಲಿ, ಏನು ತಪ್ಪು, ಏಕೆ ತಪ್ಪು, ಅದರ ಬದಲು ಯಾವ ಪದಗಳು ಬರಬೇಕು. ಒಂದು ಕಲ್ಪಿತ ಕರಡಿನ ಉದಾಹರಣೆ ನೋಡೋಣ. ಪುಟ 412ರ 23ನೆಯ ಸಾಲಿನಲ್ಲಿ 'ಕೋರಿಕೆ ಬಂದ ಮೇಲೆ ಸಾಧನವು ಸಮಂಜಸವಾದ ಅವಧಿಯೊಳಗೆ ಉತ್ತರಿಸತಕ್ಕದ್ದು' ಎಂದಿದೆ. ಇದನ್ನು ಓದಿದ ಒಬ್ಬರು 'ಅವಧಿ ಸ್ಪಷ್ಟವಾಗಿಲ್ಲ, ಸರಿಪಡಿಸಿ' ಎಂದಷ್ಟೇ ಬರೆಯುತ್ತಾರೆ. ಮಾತು ಸರಿ, ಆದರೆ ಇತ್ಯರ್ಥ ಮಾಡುವವರ ಕೈಗೆ ಏನೂ ಸಿಗಲಿಲ್ಲ. ಎಷ್ಟು ಅವಧಿ ಇಟ್ಟರೆ ಬರೆದವರಿಗೆ ತೃಪ್ತಿಯಾಗುತ್ತದೆ ಎಂಬುದು ತಿಳಿಯುವುದಿಲ್ಲ. ಇನ್ನೊಬ್ಬರು ಹೀಗೆ ಬರೆಯುತ್ತಾರೆ: 'ಸಮಂಜಸ ಎಂಬುದನ್ನು ಪರೀಕ್ಷಿಸಿ ನೋಡಲು ಬರುವುದಿಲ್ಲ. ಒಂದು ಸಾಧನ 5 ಮಿಲಿಸೆಕೆಂಡ್ ಕಾದು ಕೈಬಿಟ್ಟರೆ, ಇನ್ನೊಂದು 20 ಮಿಲಿಸೆಕೆಂಡ್ ಬಳಿಕ ಉತ್ತರಿಸಿದರೆ, ಎರಡೂ ಈ ವಾಕ್ಯಕ್ಕೆ ಬದ್ಧವಾಗಿದ್ದೂ ಸಂಪರ್ಕ ಏರ್ಪಡುವುದಿಲ್ಲ. ಸಮಂಜಸವಾದ ಅವಧಿಯೊಳಗೆ ಎಂಬುದನ್ನು ತೆಗೆದು, ಕೋರಿಕೆಯ ಚೌಕಟ್ಟು (ಫ್ರೇಮ್) ಮುಗಿದ ಕ್ಷಣದಿಂದ 10 ಮಿಲಿಸೆಕೆಂಡ್‌ಗಳೊಳಗೆ ಎಂದು ಸೇರಿಸಿ. 8ನೆಯ ಕೋಷ್ಟಕದಲ್ಲೂ ಇದೇ ಮೌಲ್ಯವನ್ನು ನಮೂದಿಸಿ.' ಈ ಟಿಪ್ಪಣಿಯನ್ನು ಯಥಾವತ್ ಸ್ವೀಕರಿಸಬಹುದು, ಅಥವಾ 10ರ ಬದಲು ಬೇರೆ ಮೌಲ್ಯ ಇಡಬಹುದು, ಅಥವಾ ಏಕೆ ಆಗದು ಎಂದು ವಾದಿಸಬಹುದು. ಯಾವ ದಾರಿ ಹಿಡಿದರೂ ಚರ್ಚೆಗೆ ನೆಲೆ ಸಿಕ್ಕಿತು.

ಎಲ್ಲಿ ಬದಲಾಯಿಸಬೇಕು ಎಂಬುದನ್ನು ಬರೆಯುವಾಗ ಅದೇ ಸಂಗತಿ ಕರಡಿನಲ್ಲಿ ಬೇರೆ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ ನೋಡುವುದು ಒಳ್ಳೆಯದು. ಮೇಲಿನ ಉದಾಹರಣೆಯ 8ನೆಯ ಕೋಷ್ಟಕದ ಮಾತು ಅಂಥದ್ದು: ಅದನ್ನು ಹೇಳದಿದ್ದರೆ ಮುಖ್ಯ ಪಠ್ಯದಲ್ಲಿ ಒಂದು ಮೌಲ್ಯ, ಕೋಷ್ಟಕದಲ್ಲಿ ಇನ್ನೊಂದು ಉಳಿದು, ತಿದ್ದುಪಡಿಯಿಂದಲೇ ಹೊಸ ದೋಷ ಹುಟ್ಟುತ್ತದೆ. ಒಂದು ಟಿಪ್ಪಣಿಯಲ್ಲಿ ಒಂದೇ ವಿಷಯವಿರಲಿ. ಮೂರು ಬೇರೆ ಬೇರೆ ದೋಷಗಳನ್ನು ಒಂದೇ ಟಿಪ್ಪಣಿಯಲ್ಲಿ ಸೇರಿಸಿದರೆ, ಎರಡನ್ನು ಒಪ್ಪಿ ಒಂದನ್ನು ಬಿಟ್ಟ ಉತ್ತರ ಬಂದಾಗ ನಿಮ್ಮ ಆಕ್ಷೇಪ ಪರಿಹಾರವಾಯಿತೋ ಇಲ್ಲವೋ ಎಂಬುದು ಯಾರಿಗೂ ಸ್ಪಷ್ಟವಾಗುವುದಿಲ್ಲ.

ಟಿಪ್ಪಣಿಗಳು ಬಂದ ಮೇಲೆ ಅವುಗಳಿಗೆ ಏನಾಗುತ್ತದೆ?

ಮತದಾನದ ಅವಧಿ ಮುಗಿದ ಕೂಡಲೇ ಎಲ್ಲ ಟಿಪ್ಪಣಿಗಳನ್ನೂ ಒಂದು ದೊಡ್ಡ ಸ್ಪ್ರೆಡ್‌ಶೀಟ್‌ಗೆ ಇಳಿಸಿ ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಡುತ್ತಾರೆ. 802.11ರಲ್ಲಿ ಇದನ್ನು ಸಿಐಡಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಯಾರೂ ಟಿಪ್ಪಣಿ ಬರೆದವರ ಹೆಸರು ಹಿಡಿದು ಮಾತನಾಡುವುದಿಲ್ಲ, ಸಂಖ್ಯೆ ಹಿಡಿದೇ ಮಾತನಾಡುತ್ತಾರೆ. ಸಂಪಾದಕೀಯ ಟಿಪ್ಪಣಿಗಳು ಕರಡಿನ ಸಂಪಾದಕರ ಪಾಲಿಗೆ ಹೋಗುತ್ತವೆ. ತಾಂತ್ರಿಕ ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ, ಆಯಾ ವಿಷಯ ಬಲ್ಲ ಸ್ವಯಂಸೇವಕರಿಗೆ ಹಂಚುತ್ತಾರೆ. ಹೀಗೆ ಟಿಪ್ಪಣಿ ವಹಿಸಿಕೊಂಡವರು ಸಂಬಂಧಪಟ್ಟ ಖಂಡವನ್ನು ಮತ್ತೆ ಓದಿ, ಬೇಕಿದ್ದರೆ ಟಿಪ್ಪಣಿ ಬರೆದವರೊಂದಿಗೆ ಮಾತನಾಡಿ, ಪ್ರಸ್ತಾವಿತ ಉತ್ತರವನ್ನೂ ಬದಲಾಗಬೇಕಾದ ಪಠ್ಯವನ್ನೂ ಒಂದು ದಾಖಲೆಯಾಗಿ ಬರೆದು ಎಲ್ಲರಿಗೂ ಕಾಣುವಂತೆ ಸಲ್ಲಿಸುತ್ತಾರೆ. ಚರ್ಚೆಯಾದಂತೆ ಆ ದಾಖಲೆಗೆ ಎರಡನೆಯ, ಮೂರನೆಯ, ನಾಲ್ಕನೆಯ ಆವೃತ್ತಿಗಳು ಬರುತ್ತವೆ.

ಚರ್ಚೆ ಮುಖಾಮುಖಿ ಸಭೆಯಲ್ಲೂ, ಸಭೆಗಳ ನಡುವಿನ ವಾರಗಳಲ್ಲಿ ದೂರವಾಣಿ ಸಭೆಗಳಲ್ಲೂ ನಡೆಯುತ್ತದೆ. ಅಮೆರಿಕದ ಪೂರ್ವ ತೀರದ ಬೆಳಗಿನ 10 ಗಂಟೆಯೆಂದರೆ ನಮಗೆ ಅಲ್ಲಿಯ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30, ಬೆಂಗಳೂರಿನಿಂದ ಪಾಲ್ಗೊಳ್ಳುವವರು ಇದಕ್ಕೆ ತಕ್ಕಂತೆ ದಿನಚರಿ ಹೊಂದಿಸಿಕೊಳ್ಳಬೇಕಾಗುತ್ತದೆ. ಉತ್ತರ ಪಕ್ವವಾದ ಮೇಲೆ ಸೂಚನೆ ಮಂಡಿಸಿ ಅದಕ್ಕೆ ತಂಡದ ಒಪ್ಪಿಗೆ ಪಡೆಯುತ್ತಾರೆ. ತಾಂತ್ರಿಕ ಸೂಚನೆಗೆ ಅಲ್ಲಿಯೂ ಶೇ 75ರ ಬೆಂಬಲ ಬೇಕು.

ಉತ್ತರಗಳು ಮೂರು ಬಗೆ. ಟಿಪ್ಪಣಿಯಲ್ಲಿ ಕೇಳಿದ ಬದಲಾವಣೆಯನ್ನೇ ಮಾಡಿದರೆ 'ಸ್ವೀಕೃತ'. ದೋಷವನ್ನು ಒಪ್ಪಿ ಬೇರೆ ರೀತಿಯಲ್ಲಿ ಪರಿಹರಿಸಿದರೆ 'ಪರಿಷ್ಕೃತ'. ಬದಲಾವಣೆ ಮಾಡದಿದ್ದರೆ 'ತಿರಸ್ಕೃತ'. ಪರಿಷ್ಕೃತ ಎಂದು ಬರೆದಾಗ ಸಂಪಾದಕರಿಗೆ ಊಹೆಗೆ ಎಡೆಯಿಲ್ಲದಂತೆ, ಯಾವ ಸಾಲಿನಲ್ಲಿ ಯಾವ ಪದ ತೆಗೆದು ಯಾವ ಪದ ಹಾಕಬೇಕು ಎಂಬ ಸೂಚನೆ ಉತ್ತರದಲ್ಲೇ ಇರಬೇಕು. ಸಂಪಾದಕರು ಅದನ್ನು ಕರಡಿನಲ್ಲಿ ಅಳವಡಿಸಿ, ಹಳೆಯದನ್ನೂ ಹೊಸದನ್ನೂ ಬಣ್ಣದ ಗುರುತಿನಲ್ಲಿ ತೋರಿಸುವ ಪ್ರತಿಯೊಂದನ್ನು ಸಿದ್ಧಪಡಿಸುತ್ತಾರೆ. ಮುಂದಿನ ಸುತ್ತಿನ ಮತದಾರರು ಬಹುಪಾಲು ಓದುವುದು ಈ ಪ್ರತಿಯನ್ನೇ.

ತಿರಸ್ಕರಿಸುವಾಗ ಕಾರಣ ಕೊಡಬೇಕೇ?

ಕೊಡಲೇಬೇಕು, ಮತ್ತು ಈ ಇಡೀ ವ್ಯವಸ್ಥೆಯ ಮಾನ ಉಳಿಯುವುದು ಆ ಕಾರಣದ ಪ್ರಾಮಾಣಿಕತೆಯಿಂದ. ಒಳ್ಳೆಯ ತಿರಸ್ಕಾರದ ಉತ್ತರವನ್ನು ಓದಿದಾಗ, ಅದನ್ನು ಒಪ್ಪದಿದ್ದರೂ, ನಮ್ಮ ಮಾತನ್ನು ಅವರು ಅರ್ಥಮಾಡಿಕೊಂಡಿದ್ದಾರೆ ಎಂಬುದು ಗೊತ್ತಾಗುತ್ತದೆ: 'ಕೇಳಿದ ಬದಲಾವಣೆ ಮಾಡಿದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಗಳು ಈ ಚೌಕಟ್ಟನ್ನು ತಪ್ಪಾಗಿ ಓದುತ್ತವೆ, ಕಾರಣ ಇಂತಿಂಥ ಖಂಡದಲ್ಲಿ ಆ ಬಿಟ್ ಕಾಯ್ದಿರಿಸಲಾಗಿದೆ' ಎಂಬಂಥ ಉತ್ತರ ಅದು. ಟಿಪ್ಪಣಿಯಲ್ಲಿ ಪರಿಹಾರವನ್ನು ನಿರ್ಧರಿಸಲು ಬೇಕಾದಷ್ಟು ವಿವರವಿಲ್ಲ ಎಂಬುದೂ ಒಪ್ಪತಕ್ಕ ಕಾರಣವೇ, ನಿಜವಾಗಿಯೂ ಹಾಗಿದ್ದಾಗ.

ಕೆಲವೊಮ್ಮೆ 'ಬದಲಾವಣೆಯ ಬಗ್ಗೆ ತಂಡದಲ್ಲಿ ಒಮ್ಮತ ಮೂಡಲಿಲ್ಲ' ಎಂದಷ್ಟೇ ಉತ್ತರ ಬರುವುದುಂಟು. ದೀರ್ಘ ಚರ್ಚೆ ನಡೆದು, ಮತಕ್ಕೆ ಹಾಕಿ, ಬೆಂಬಲ ಸಾಲದೆ ಹೋದಾಗ ಇದು ಸತ್ಯವಾದ ಮಾತು. ಆದರೆ ಆಗಲೂ ಯಾವ ವಾದಗಳು ಬಂದವು, ಎಣಿಕೆ ಎಷ್ಟಾಯಿತು ಎಂಬುದನ್ನು ಉತ್ತರದಲ್ಲಿ ಸೇರಿಸಬೇಕು ಎಂಬುದು ಈ ಪುಟದ ಬರಹಗಾರರ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಟಿಪ್ಪಣಿಯನ್ನು ಚರ್ಚಿಸಿಯೂ ಒಪ್ಪದೆ ಬಿಟ್ಟಿದ್ದಕ್ಕೂ, ಓದದೆಯೇ ಬದಿಗಿಟ್ಟಿದ್ದಕ್ಕೂ ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಮರುಸುತ್ತು ಎಂದರೇನು? ಅದರಲ್ಲಿ ಯಾವುದರ ಮೇಲಾದರೂ ಟಿಪ್ಪಣಿ ಕೊಡಬಹುದೇ?

ಬದಲಾದ ಕರಡನ್ನೂ, ಪರಿಹಾರವಾಗದ ವಿರೋಧದ ಟಿಪ್ಪಣಿಗಳನ್ನೂ, ಅವುಗಳಿಗೆ ತಂಡ ಕೊಟ್ಟ ಉತ್ತರಗಳನ್ನೂ ಅದೇ ಮತದಾರರಿಗೆ ಮತ್ತೆ ಕಳಿಸುವುದೇ ಮರುಸುತ್ತು. ಮಾನಕ ಸಂಘದ ಮತದಾನದಲ್ಲಿ ಮೊದಲ ಸುತ್ತಿಗೆ ಕನಿಷ್ಠ 30 ದಿನ, ಮರುಸುತ್ತಿಗೆ ಕನಿಷ್ಠ 10 ದಿನ ಅವಕಾಶವಿರುತ್ತದೆ. ನೀವು ಮರುಸುತ್ತಿನಲ್ಲಿ ಏನೂ ಮಾಡದಿದ್ದರೆ ನಿಮ್ಮ ಹಿಂದಿನ ಮತವೇ ಮುಂದುವರಿಯುತ್ತದೆ. ಆದ್ದರಿಂದ ನಿಮ್ಮ ಆಕ್ಷೇಪ ಪರಿಹಾರವಾಗಿದ್ದರೆ ನೀವಾಗಿಯೇ ಹೋಗಿ ಮತ ಬದಲಿಸುವುದು ಸೌಜನ್ಯವಷ್ಟೇ ಅಲ್ಲ, ಅಗತ್ಯ ಕೂಡ.

ಹೊಸ ಆಕ್ಷೇಪಗಳಿಗೆ ಇಲ್ಲಿ ಮಿತಿ ಇದೆ. ಬದಲಾದ ಭಾಗ, ಆ ಬದಲಾವಣೆಯಿಂದ ಪ್ರಭಾವಿತವಾದ ಭಾಗ, ಮತ್ತು ಈಗಾಗಲೇ ಪರಿಹಾರವಾಗದೆ ಉಳಿದ ವಿರೋಧದ ಟಿಪ್ಪಣಿಗೆ ಸಂಬಂಧಿಸಿದ ಭಾಗ, ಇವುಗಳ ಮೇಲೆ ಮಾತ್ರ ಹೊಸ ವಿರೋಧ ಸಲ್ಲುತ್ತದೆ. ಮೊದಲ ಸುತ್ತಿನಿಂದಲೂ ಹಾಗೇ ಇರುವ ಪುಟದ ಮೇಲೆ ಐದನೆಯ ಸುತ್ತಿನಲ್ಲಿ ಆಕ್ಷೇಪ ಎತ್ತಿದರೆ ಅದನ್ನು ವ್ಯಾಪ್ತಿಯ ಹೊರಗಿನದು ಎಂದು ಪರಿಗಣಿಸಬಹುದು. ಆದ್ದರಿಂದ ಮೊದಲ ಸುತ್ತಿನಲ್ಲೇ ಶ್ರಮವಹಿಸಿ ಇಡೀ ಕರಡನ್ನು ಓದಬೇಕು. ಬೇರೊಬ್ಬ ಮತದಾರ ತಿರಸ್ಕೃತ ಟಿಪ್ಪಣಿಯನ್ನು ಓದಿ 'ಇವರ ಮಾತು ಸರಿ' ಎಂದು ತನ್ನ ಒಪ್ಪಿಗೆಯನ್ನು ವಿರೋಧವಾಗಿ ಬದಲಿಸಲೂ ಮರುಸುತ್ತು ಅವಕಾಶ ಕೊಡುತ್ತದೆ. ಆಕ್ಷೇಪಗಳನ್ನು ಎಲ್ಲರ ಮುಂದೆ ಇಡುವ ಉದ್ದೇಶವೇ ಅದು.

ಸಾವಿರಾರು ಟಿಪ್ಪಣಿಗಳು ಬಂದ ಉದಾಹರಣೆ ಇದೆಯೇ?

802.11ಎನ್ ಇದಕ್ಕೆ ಪ್ರಸಿದ್ಧ ಉದಾಹರಣೆ. 2003ರ ಸೆಪ್ಟೆಂಬರ್‌ನಲ್ಲಿ ಯೋಜನೆಗೆ ಅನುಮತಿ ಸಿಕ್ಕಿತು. ಪೈಪೋಟಿಗೆ ನಿಂತ ಬಣಗಳ ಪ್ರಸ್ತಾವಗಳನ್ನು ಬೆಸೆದು ತಯಾರಿಸಿದ ಮೊದಲ ಕರಡನ್ನು 2006ರಲ್ಲಿ ಲೆಟರ್ ಬ್ಯಾಲಟ್‌ಗೆ ಹಾಕಿದಾಗ ಅದಕ್ಕೆ ಅರ್ಧದಷ್ಟೂ ಒಪ್ಪಿಗೆ ಸಿಗಲಿಲ್ಲ, ಸುಮಾರು 12,000 ಟಿಪ್ಪಣಿಗಳು ಬಂದವು. ಅವುಗಳಲ್ಲಿ ಒಂದೇ ಮಾತನ್ನು ಹಲವರು ಬರೆದದ್ದು ಬಹಳವಿತ್ತು. ಆದರೂ ಅವನ್ನೆಲ್ಲ ವಿಂಗಡಿಸಿ ಉತ್ತರ ಬರೆಯುವುದಕ್ಕೆ ತಿಂಗಳುಗಳು ಹಿಡಿದವು; 2007ರ ಮಾರ್ಚ್‌ನಲ್ಲಿ ಎರಡನೆಯ ಕರಡು ಶೇ 75ರ ಗಡಿ ದಾಟಿತು. ಅಂತಿಮ ಅನುಮೋದನೆ ಸಿಕ್ಕಿದ್ದು 2009ರ ಸೆಪ್ಟೆಂಬರ್ 11ರಂದು.

ಆ ಟಿಪ್ಪಣಿಗಳಿಂದ ಏನಾದರೂ ಆಯಿತೇ ಎಂದು ಕೇಳುವವರು ತಮ್ಮ ಮನೆಯ ರೂಟರಿನ ಸೆಟ್ಟಿಂಗ್ಸ್ ಪುಟವನ್ನು ತೆರೆದು ನೋಡಬಹುದು. ಅಲ್ಲಿ ಚಾನೆಲ್ ಅಗಲಕ್ಕೆ '20/40 ಮೆಗಾಹರ್ಟ್ಸ್' ಎಂಬ ಆಯ್ಕೆ ಕಾಣುತ್ತದೆ. ವೇಗ ಹೆಚ್ಚಿಸಲು ಎರಡು ಚಾನೆಲ್‌ಗಳನ್ನು ಜೋಡಿಸಿ 40 ಮೆಗಾಹರ್ಟ್ಸ್ ಬಳಸುವುದು 802.11ಎನ್‌ನ ಮುಖ್ಯ ಅಂಶಗಳಲ್ಲಿ ಒಂದು. ಆದರೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ ಇರುವುದರಿಂದ, ಒಬ್ಬರು 40 ತೆಗೆದುಕೊಂಡರೆ ಪಕ್ಕದ ಮನೆಯ ವೈ-ಫೈಗೂ ಬ್ಲೂಟೂತ್ ಸಾಧನಗಳಿಗೂ ಉಳಿಯುವ ಜಾಗ ಬಹಳ ಕಡಿಮೆ. ಈ ಬಗ್ಗೆ ಎದ್ದ ಆಕ್ಷೇಪಗಳ ಮೇಲೆ ದೀರ್ಘ ವಾದ ನಡೆಯಿತು. ಕೊನೆಗೆ ಮಾನಕದಲ್ಲಿ ಸೇರಿದ್ದು ಇದು: 40 ಬಳಸುವ ಜಾಲವು ಸುತ್ತಮುತ್ತ ಬೇರೆ ಜಾಲಗಳಿವೆಯೇ ಎಂದು ಆಗಾಗ ಹುಡುಕಿ ನೋಡಬೇಕು, ಇದ್ದರೆ 20ಕ್ಕೆ ಇಳಿಯಬೇಕು, ಜೊತೆಗೆ '40 ನನಗೆ ಸಹ್ಯವಲ್ಲ' ಎಂದು ಯಾವುದೇ ಸಾಧನ ಒಂದು ಬಿಟ್‌ನ ಮೂಲಕ ಸಾರಬಹುದು. ವಿರೋಧದ ಟಿಪ್ಪಣಿಯೊಂದು ಮಾನಕದಲ್ಲಿ ಒಂದು ಬಿಟ್ ಆಗಿ ಉಳಿಯುವುದೆಂದರೆ ಹೀಗೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅಂತಿಮ ಅನುಮೋದನೆಗೆ ಎರಡು ವರ್ಷ ಮೊದಲೇ, 2007ರಲ್ಲಿ, ವೈ-ಫೈ ಕಂಪನಿಗಳ ಒಕ್ಕೂಟವಾದ ವೈ-ಫೈ ಅಲಯನ್ಸ್ ಎರಡನೆಯ ಕರಡಿಗೆ ತಕ್ಕ ಸಾಧನಗಳಿಗೆ ಪ್ರಮಾಣೀಕರಣ ಕೊಡಲಾರಂಭಿಸಿತು. ಅಲ್ಲಿಂದಾಚೆಗೆ ಪ್ರತಿಯೊಂದು ತಾಂತ್ರಿಕ ಬದಲಾವಣೆಗೂ 'ಈಗಾಗಲೇ ಮಾರಾಟವಾದ ಸಾಧನಗಳ ಗತಿಯೇನು' ಎಂಬ ಪ್ರಶ್ನೆ ಎದುರಾಯಿತು. ಮತದಾನ ತಡವಾದಷ್ಟೂ ಮಾರುಕಟ್ಟೆ ಕಾಯುವುದಿಲ್ಲ ಎಂಬ ಒತ್ತಡ ಇತ್ಯರ್ಥ ಮಾಡುವವರ ಮೇಲೆ ಯಾವಾಗಲೂ ಇದ್ದೇ ಇರುತ್ತದೆ.

ಐಎಸ್‌ಒ ಪದ್ಧತಿ ಇದಕ್ಕಿಂತ ಹೇಗೆ ಭಿನ್ನ?

ಅಲ್ಲಿ ಮತ ದೇಶದ್ದು. ಪ್ರತಿ ದೇಶದ ಮಾನಕ ಸಂಸ್ಥೆ ಒಂದು ಮತ ಹಾಕುತ್ತದೆ. ಭಾರತದ ಪರವಾಗಿ ಬಿಐಎಸ್ ಹಾಕುತ್ತದೆ. ಅಂತಾರಾಷ್ಟ್ರೀಯ ಮಾನಕದ ಕರಡು ತೇರ್ಗಡೆಯಾಗಲು ಮತ ಹಾಕಿದ ಸಕ್ರಿಯ ಸದಸ್ಯ ದೇಶಗಳಲ್ಲಿ ಮೂರನೇ ಎರಡರಷ್ಟು ಒಪ್ಪಬೇಕು, ಮತ್ತು ಒಟ್ಟು ಮತಗಳಲ್ಲಿ ವಿರೋಧ ನಾಲ್ಕನೇ ಒಂದನ್ನು ಮೀರಬಾರದು. ತಟಸ್ಥ ಮತಗಳೂ, ತಾಂತ್ರಿಕ ಕಾರಣ ಕೊಡದ ವಿರೋಧವೂ ಲೆಕ್ಕಕ್ಕಿಲ್ಲ. ಟಿಪ್ಪಣಿಗಳಿಗೆ ನಿಗದಿತ ನಮೂನೆಯಿದೆ: ದೇಶದ ಸಂಕೇತ, ಸಾಲು, ಖಂಡ, ಟಿಪ್ಪಣಿ ಸಾಮಾನ್ಯವೋ ತಾಂತ್ರಿಕವೋ ಸಂಪಾದಕೀಯವೋ, ಟಿಪ್ಪಣಿ, ಸೂಚಿಸಿದ ಬದಲಾವಣೆ, ಮತ್ತು ಕೊನೆಯ ಅಂಕಣದಲ್ಲಿ ಸಚಿವಾಲಯದ ಉತ್ತರ.

ಈ ಪದ್ಧತಿಯ ಶಕ್ತಿ ಮಿತಿ ಎರಡೂ ಬಹಿರಂಗವಾದದ್ದು ಮೈಕ್ರೋಸಾಫ್ಟ್‌ನ ಕಡತ ವಿನ್ಯಾಸವಾದ ಆಫೀಸ್ ಓಪನ್ ಎಕ್ಸ್‌ಎಂಎಲ್‌ನ ಪ್ರಕರಣದಲ್ಲಿ. ಮಾನಕಗಳನ್ನು ರೂಪಿಸುವ ಇನ್ನೊಂದು ಸಂಸ್ಥೆಯಾದ ಎಕ್ಮಾದ ಮೂಲಕ ತ್ವರಿತ ಮಾರ್ಗದಲ್ಲಿ ಬಂದ ಆ ಕರಡು ಸುಮಾರು 6,000 ಪುಟಗಳಷ್ಟಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಮತದಾನ ಮುಗಿದಾಗ 32 ಸಕ್ರಿಯ ಸದಸ್ಯರಲ್ಲಿ 17 ದೇಶಗಳು ಮಾತ್ರ ಒಪ್ಪಿದ್ದವು, ಒಟ್ಟು 69 ಮತಗಳಲ್ಲಿ 18 ವಿರೋಧವಾಗಿದ್ದವು. ಎರಡೂ ಷರತ್ತುಗಳಲ್ಲಿ ಕರಡು ಸೋತಿತು. ಭಾರತ ವಿರೋಧಿಸಿದ ದೇಶಗಳಲ್ಲಿ ಒಂದು. ಬಂದ ಟಿಪ್ಪಣಿಗಳು 3,500ಕ್ಕೂ ಹೆಚ್ಚು; ಪುನರಾವರ್ತನೆಗಳನ್ನು ಕಳೆದರೆ ಸುಮಾರು ಸಾವಿರ. ಅವುಗಳಲ್ಲಿ ಒಂದು, 1900ನೆಯ ಇಸವಿಯನ್ನು ಅಧಿಕ ವರ್ಷವೆಂದು ಎಣಿಸುವ ಹಳೆಯ ದೋಷವನ್ನು ಮಾನಕದೊಳಗೆ ತರಬಾರದು ಎಂಬುದಾಗಿತ್ತು.

2008ರ ಫೆಬ್ರವರಿ 25ರಿಂದ 29ರವರೆಗೆ ಜಿನೀವಾದಲ್ಲಿ ಟಿಪ್ಪಣಿ ಇತ್ಯರ್ಥದ ಸಭೆ ಸೇರಿತು. ಐದು ದಿನಗಳಲ್ಲಿ ಸಾವಿರ ಉತ್ತರಗಳನ್ನು ಚರ್ಚಿಸುವುದು ಅಸಾಧ್ಯವಾದ್ದರಿಂದ ಬಹುಪಾಲು ಉತ್ತರಗಳನ್ನು ಪ್ರತ್ಯೇಕ ಚರ್ಚೆಯಿಲ್ಲದೆ ಒಟ್ಟಾಗಿ ಕಾಗದದ ಮತಕ್ಕೆ ಹಾಕಲಾಯಿತು. ಬಳಿಕ ದೇಶಗಳಿಗೆ ಮತ ಬದಲಿಸಲು ಒಂದು ತಿಂಗಳ ಅವಕಾಶ ಕೊಟ್ಟಾಗ 32ರಲ್ಲಿ 24 ಒಪ್ಪಿದವು, 71ರಲ್ಲಿ 10 ಮಾತ್ರ ವಿರೋಧಿಸಿದವು, ಕರಡು ತೇರ್ಗಡೆಯಾಯಿತು. ಭಾರತ ತನ್ನ ವಿರೋಧವನ್ನು ಬದಲಿಸಲಿಲ್ಲ. ಬ್ರೆಜಿಲ್, ದಕ್ಷಿಣ ಆಫ್ರಿಕಾ ಮತ್ತು ವೆನೆಜುವೆಲಾಗಳಂತೆ ಮೇಲ್ಮನವಿಯನ್ನೂ ಸಲ್ಲಿಸಿತು. 2008ರ ಆಗಸ್ಟ್‌ನಲ್ಲಿ ಆ ಮೇಲ್ಮನವಿಗಳು ತಿರಸ್ಕೃತವಾದವು. ಫಲಿತಾಂಶದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಟಿಪ್ಪಣಿಗಳ ಪ್ರಮಾಣಕ್ಕೆ ತಕ್ಕ ಕಾಲಾವಕಾಶ ಇಲ್ಲದಿದ್ದರೆ ನಿಯಮದ ಅಕ್ಷರ ಪಾಲನೆಯಾದರೂ ಭಾಗವಹಿಸಿದವರಿಗೆ ನ್ಯಾಯ ಸಿಕ್ಕಿತೆಂಬ ಭಾವನೆ ಬರುವುದಿಲ್ಲ.

ಒಮ್ಮತವೆಂದರೆ ಎಲ್ಲರೂ ಒಪ್ಪಲೇಬೇಕೇ?

ಬೇಕಿಲ್ಲ. ಮುಖ್ಯ ವಿಷಯಗಳಲ್ಲಿ, ಸಂಬಂಧಪಟ್ಟ ಯಾವುದೇ ಪ್ರಮುಖ ವರ್ಗದಿಂದ ಪಟ್ಟುಹಿಡಿದ ವಿರೋಧ ಉಳಿಯದಿರುವುದು, ಮತ್ತು ಎಲ್ಲರ ಅಭಿಪ್ರಾಯಗಳನ್ನು ಪರಿಗಣಿಸಿ ಭಿನ್ನಮತಗಳನ್ನು ಬಗೆಹರಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿರುವುದು, ಇವೆರಡೂ ಇದ್ದರೆ ಅದು ಒಮ್ಮತ. ಒಬ್ಬಿಬ್ಬರ ವಿರೋಧ ಕೊನೆಯವರೆಗೂ ಉಳಿದು ಮಾನಕ ಪ್ರಕಟವಾಗುವುದು ಸಾಮಾನ್ಯ.

ಬಿಐಎಸ್‌ನ ಕರಡುಗಳ ಮೇಲೆ ಸಾಮಾನ್ಯ ನಾಗರಿಕರು ಟಿಪ್ಪಣಿ ಕೊಡಬಹುದೇ?

ಖಂಡಿತ ಕೊಡಬಹುದು. ಬಿಐಎಸ್‌ನಲ್ಲಿ ಆಯಾ ವಿಷಯದ ಸಮಿತಿಯೊಳಗೆ ಪ್ರಾಥಮಿಕ ಕರಡು ಚರ್ಚೆಯಾದ ಮೇಲೆ, ವ್ಯಾಪಕ ಪ್ರಸಾರದ ಕರಡನ್ನು ಸಾರ್ವಜನಿಕರ ಮುಂದೆ ಇಡುತ್ತಾರೆ. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದದ ಉತ್ತಮ ನಡಾವಳಿ ಸಂಹಿತೆ ಇದಕ್ಕೆ ಸಾಮಾನ್ಯವಾಗಿ ಕನಿಷ್ಠ 60 ದಿನಗಳ ಅವಧಿಯನ್ನು ಹೇಳುತ್ತದೆ. ಶುಲ್ಕವಿಲ್ಲ, ಸದಸ್ಯತ್ವ ಬೇಕಿಲ್ಲ. ಇಲ್ಲಿ ಶೇಕಡಾವಾರು ಮತದ ಎಣಿಕೆಗಿಂತ ಸಮಿತಿಯ ಒಮ್ಮತಕ್ಕೆ ಪ್ರಾಶಸ್ತ್ಯ.

ಕರಡಿನ ಜೊತೆಗಿರುವ ಪತ್ರವನ್ನು ಮಾತ್ರ ಎಚ್ಚರದಿಂದ ಓದಬೇಕು. ಟಿಪ್ಪಣಿಗಳು ಬಾರದಿದ್ದರೆ ಅಥವಾ ಬಂದವು ಸಂಪಾದಕೀಯ ಸ್ವರೂಪದವಾಗಿದ್ದರೆ ಒಪ್ಪಿಗೆಯಿದೆಯೆಂದು ಭಾವಿಸಿ ಕರಡನ್ನು ಅಂತಿಮಗೊಳಿಸಲಾಗುವುದು, ತಾಂತ್ರಿಕ ಟಿಪ್ಪಣಿಗಳು ಬಂದರೆ ಸಮಿತಿಯ ಅಧ್ಯಕ್ಷರೊಂದಿಗೆ ಸಮಾಲೋಚಿಸಿ ಅಥವಾ ಸಮಿತಿಯ ಮುಂದಿಟ್ಟು ತೀರ್ಮಾನಿಸಲಾಗುವುದು ಎಂಬ ಅರ್ಥದ ಮಾತು ಅದರಲ್ಲಿರುತ್ತದೆ. ಅಂದರೆ ಸುಮ್ಮನಿದ್ದವರ ಮೌನ ಸಮ್ಮತಿಯಾಗಿ ದಾಖಲಾಗುತ್ತದೆ. ನೀರಿನ ಪೈಪು, ಕಟ್ಟಡದ ಇಟ್ಟಿಗೆ, ಅಡುಗೆಯ ಪ್ರೆಶರ್ ಕುಕ್ಕರ್ ಇವುಗಳಿಗೆಲ್ಲ ಭಾರತೀಯ ಮಾನಕಗಳಿವೆ. ಅವುಗಳ ಪರಿಷ್ಕರಣೆಯ ಕರಡು ಬಂದಾಗ ಕೆಲಸದ ಅನುಭವವಿರುವ ಮೇಸ್ತ್ರಿಯೊಬ್ಬರ, ಪ್ರಯೋಗಾಲಯದ ಸಹಾಯಕರೊಬ್ಬರ ಒಂದು ಸಾಲಿನ ಟಿಪ್ಪಣಿಗೂ ಬೆಲೆಯಿದೆ. ಅಂಥವರಿಗೆ ನಮೂನೆ ತುಂಬಿಸಿಕೊಡುವ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ವಹಿಸಿಕೊಂಡರೆ ದೊಡ್ಡ ಉಪಕಾರವಾಗುತ್ತದೆ.

ಪೇಟೆಂಟ್ ಪರವಾನಗಿಯ ದರ ಹೆಚ್ಚೆಂದು ಟಿಪ್ಪಣಿ ಬರೆಯಬಹುದೇ?

ಐಇಇಇಯಲ್ಲಿ ಅಂಥ ಚರ್ಚೆಗೆ ಮಾನಕ ಸಭೆಗಳಲ್ಲಿ ಅವಕಾಶವಿಲ್ಲ. ಅಗತ್ಯ ಪೇಟೆಂಟ್‌ಗಳ ಬಗ್ಗೆ ಭರವಸೆ ಪತ್ರ ಪಡೆಯುವ ವ್ಯವಸ್ಥೆ ಪ್ರತ್ಯೇಕವಾಗಿದೆ. ಟಿಪ್ಪಣಿಯಲ್ಲಿ ತಾಂತ್ರಿಕ ವಿಷಯಕ್ಕಷ್ಟೇ ಅಂಟಿಕೊಳ್ಳಿ.

ನನ್ನ ಟಿಪ್ಪಣಿ ತಿರಸ್ಕೃತವಾಗಿದೆ. ಮುಂದೇನು ಮಾಡಬಹುದು?

ಮೊದಲು ಉತ್ತರವನ್ನು ಸಮಾಧಾನದಿಂದ ಓದಿ. ಅದು ನಿಮ್ಮ ಟಿಪ್ಪಣಿಯನ್ನು ಸರಿಯಾಗಿ ಅರ್ಥಮಾಡಿಕೊಂಡಿಲ್ಲವೆಂದು ಕಂಡರೆ, ಮರುಸುತ್ತಿನಲ್ಲಿ ಅದೇ ವಿಷಯವನ್ನು ಇನ್ನೂ ಸ್ಪಷ್ಟವಾಗಿ, ಬದಲಿ ಪಠ್ಯದೊಂದಿಗೆ ಮತ್ತೆ ಸಲ್ಲಿಸಬಹುದು. ಅದಕ್ಕೂ ಮುಂಚೆ, ಟಿಪ್ಪಣಿಯನ್ನು ವಹಿಸಿಕೊಂಡವರಿಗೆ ನೇರವಾಗಿ ಇಮೇಲ್ ಬರೆಯುವುದು ಉತ್ತಮ. ಸಭೆಯ ಅರ್ಧ ಗಂಟೆಯ ಬಿಸಿ ವಾದದಲ್ಲಿ ಬಗೆಹರಿಯದ್ದು ಎರಡು ಸಮಾಧಾನದ ಪತ್ರಗಳಲ್ಲಿ ಬಗೆಹರಿಯುವುದುಂಟು. ಸಭೆಯಲ್ಲಿ ನೀವೇ ಪಠ್ಯ ಸಿದ್ಧಪಡಿಸಿ ಮಂಡಿಸುತ್ತೇನೆಂದು ಕೇಳಿದರೆ ತಂಡದವರು ಸಾಮಾನ್ಯವಾಗಿ ಸಂತೋಷದಿಂದ ಅವಕಾಶ ಕೊಡುತ್ತಾರೆ, ಏಕೆಂದರೆ ಕೆಲಸ ಮಾಡುವ ಕೈಗಳು ಅಲ್ಲಿ ಯಾವಾಗಲೂ ಕಡಿಮೆ.

ಉತ್ತರ ಸರಿಯಾಗಿದ್ದು ನಿಮಗೆ ಒಪ್ಪಿಗೆಯಾಗದಿದ್ದರೆ ವಿರೋಧವನ್ನು ಉಳಿಸಿಕೊಳ್ಳುವುದು ನಿಮ್ಮ ಹಕ್ಕು. ಅದು ದಾಖಲೆಯಲ್ಲಿ ಉಳಿಯುತ್ತದೆ, ಮತದಾರರೆಲ್ಲರಿಗೂ ಕಾಣುತ್ತದೆ, ಪರಿಶೀಲನಾ ಸಮಿತಿಯ ಮುಂದೆಯೂ ಹೋಗುತ್ತದೆ. ಮೇಲ್ಮನವಿಯ ದಾರಿಯೂ ಇದೆ, ಆದರೆ ಅದು ಮುಖ್ಯವಾಗಿ ಕ್ರಮ ತಪ್ಪಿದಾಗ ಬಳಸುವ ದಾರಿ. ಟಿಪ್ಪಣಿಗೆ ಉತ್ತರವನ್ನೇ ಕೊಡಲಿಲ್ಲ, ಮರುಸುತ್ತಿನಲ್ಲಿ ಅದನ್ನು ಸೇರಿಸಲಿಲ್ಲ ಎಂಬಂಥ ಸಂದರ್ಭಗಳಿಗೆ. ಬಹುಮತ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಡಿಯುವುದು ಸರಿಯಲ್ಲ.

ಮಾನಕ ಪ್ರಕಟವಾದ ಮೇಲೆ ದೋಷ ಕಂಡುಬಂದರೆ?

ಸಣ್ಣ ತಪ್ಪುಗಳಿಗೆ ತಪ್ಪೊಪ್ಪೋಲೆ ಅಥವಾ ತಿದ್ದೋಲೆ ಹೊರಡಿಸುತ್ತಾರೆ; ಹೊಸ ಅಂಶಗಳನ್ನು ತಿದ್ದುಪಡಿಯ ಮೂಲಕ ಸೇರಿಸುತ್ತಾರೆ; ಎಲ್ಲವನ್ನೂ ಒಟ್ಟುಗೂಡಿಸಿ ಇಡೀ ಪಠ್ಯವನ್ನು ಹೊಸದಾಗಿ ಹೊರತರುವುದು ಪರಿಷ್ಕರಣೆ. ಐಎಸ್‌ಒ ತನ್ನ ಮಾನಕಗಳನ್ನು ಐದು ವರ್ಷಕ್ಕೊಮ್ಮೆಯಾದರೂ ಪುನರ್ವಿಮರ್ಶೆಗೆ ಒಳಪಡಿಸುತ್ತದೆ. ಐಇಇಇ ಮಾನಕವೊಂದು ಹತ್ತು ವರ್ಷಗಳೊಳಗೆ ಪರಿಷ್ಕರಣೆಯಾಗದಿದ್ದರೆ ಅದನ್ನು ನಿಷ್ಕ್ರಿಯ ಸ್ಥಿತಿಗೆ ಸರಿಸುತ್ತಾರೆ. ಪರಿಷ್ಕರಣೆಯ ಮೊದಲ ಸುತ್ತಿನಲ್ಲಿ ಇಡೀ ಪಠ್ಯ ಮತ್ತೆ ಟಿಪ್ಪಣಿಗೆ ತೆರೆದಿರುತ್ತದೆ. ಹಿಂದಿನ ಮರುಸುತ್ತುಗಳಲ್ಲಿ ವ್ಯಾಪ್ತಿಯ ಹೊರಗಿನವು ಎಂದು ಬದಿಗೆ ಸರಿದ ಟಿಪ್ಪಣಿಗಳನ್ನು ಹೊಸ ಪುಟ ಮತ್ತು ಸಾಲಿನ ಸಂಖ್ಯೆ ನಮೂದಿಸಿ ಆಗ ಮತ್ತೆ ಸಲ್ಲಿಸಬಹುದು.